ಮಜೂರಿ ಇಲ್ಲದ ಬೆಳ್ಳಿ

ಇಬೂರ್ಕ್ ಎಂಜಲು ಕೈಯಲ್ಲಿ ಕಾಗೆ ಓಡಿಸುವವನಲ್ಲ. ಕಾಸಾಬ್ಲಾಂಕಾದಲ್ಲಿ ಇಪ್ಪತ್ತು ವರ್ಷ ಕಿರಾಣಿ ಅಂಗಡಿ ನಡೆಸಿ, ಬಾಡಿಗೆ ಉಳಿಸಲು ಅಂಗಡಿಯ ಮೇಜಿನ ಕೆಳಗೇ ಮಲಗಿದವನು. ನಲವತ್ತು ದಾಟಿದ ಮೇಲೆ ಹುಟ್ಟೂರು ತಿಜ್ನಿತ್‌ಗೆ ಬಂದು ತೂದಾಳನ್ನು ಮದುವೆಗೆ ಕೇಳಿದಾಗ ಊರವರಿಗೆಲ್ಲ ಸೋಜಿಗ. ಹೆಂಡತಿ ಅಂದರೆ ಖರ್ಚು ಅಂತ ಇವನಿಗೆ ಯಾರೂ ಹೇಳಲಿಲ್ಲವೇ? ಆದರೆ ಬಾವಿಯ ಹತ್ತಿರ ತೂದಾ ನಕ್ಕದ್ದನ್ನು ಒಮ್ಮೆ ನೋಡಿಬಿಟ್ಟಿದ್ದ. ಆಮೇಲೆ ಅವನಿಗೆ ಲೆಕ್ಕದ ನಡುವೆ ಅಂಕಿ ತಪ್ಪತೊಡಗಿತು. ಅಷ್ಟರಮಟ್ಟಿಗೆ ಅವನೂ ಮನುಷ್ಯನೇ.

ತೂದಾಳ ತಾಯಿ ಇಜ್ಜಾ ವಿಧವೆ. ಅವಳು ಕೇಳಿದ್ದು ಊರ ಪದ್ಧತಿಯಷ್ಟೇ: ಅರ್ಧ ಕಿಲೋ ಬೆಳ್ಳಿ. ದೊಡ್ಡ ಹಬ್ಬದ, ಅಂದರೆ ಬಕ್ರೀದಿನ, ಮುನ್ನಾದಿನ ನಾಲ್ಕು ಜನ ಹೆಂಗಸರ ಎದುರು ತಟ್ಟೆಯಲ್ಲಿಟ್ಟು ಕೊಡಬೇಕು. ಬೆಳ್ಳಿ ಬಂದರೆ ಹುಡುಗಿ, ಇಲ್ಲದಿದ್ದರೆ ಇಲ್ಲ.

ಇಬೂರ್ಕ್ ಮೊದಲು ಬೆಳ್ಳಿ ಪೇಟೆಯ ಅಂಗಡಿಗಳನ್ನು ಸುತ್ತಿದ. ಪ್ರತಿಯೊಬ್ಬನೂ ತೂಕದ ಬೆಲೆ ಹೇಳಿ, ಮೇಲೆ ಮಜೂರಿ ಅಂತ ಅದರಷ್ಟೇ ಇನ್ನೊಂದು ಬೆಲೆ ಹೇಳಿದ.

"ಸುತ್ತಿಗೆಯಲ್ಲಿ ನಾಲ್ಕು ಸಲ ಕುಟ್ಟಿದ್ದಕ್ಕೆ ಇಷ್ಟಾ? ಹಗಲು ದರೋಡೆ!" ಎಂದು ಮನೆಗೆ ಬಂದು ಅಕ್ಕ ಯಾಮ್ನಾಳ ಎದುರು ಹಾರಾಡಿದ. "ಕಾಸಾಬ್ಲಾಂಕಾದಲ್ಲಿ ಗಟ್ಟಿ ಬೆಳ್ಳಿ ಸಿಗುತ್ತೆ, ಬರೀ ತೂಕದ ದುಡ್ಡು. ಅದನ್ನೇ ಕೊಟ್ರಾಯ್ತು."

"ಕೊಡಪ್ಪ, ಕೊಡು," ಅಂದಳು ಯಾಮ್ನಾ. "ಅದನ್ನು ಕೊರಳಿಗೆ ಕಟ್ಟಿಕೊಂಡು ಅವಳು ಬಾವಿಗೆ ಹಾರೋಕೆ ಸುಲಭ."

ಹಾಗಾಗಿ ಉಳಿದದ್ದು ಗುರುವಾರದ ಸಂತೆಯ ಹರಾಜು. ಅಲ್ಲಿ ದಲ್ಲಾಳಿ ಹಳೆಯ ಒಡವೆಗಳನ್ನು ತೋಳಿಗೆ ನೇತುಹಾಕಿಕೊಂಡು ಕೂಗುತ್ತಾ ಓಡಾಡುತ್ತಾನೆ. ಮಾರುವ ಹೆಂಗಸರು ಮೈತುಂಬ ಬಿಳಿ ಹೊದಿಕೆ ಹೊದ್ದು, ಮುಖ ಮುಚ್ಚಿ, ಗೋಡೆಯ ನೆರಳಲ್ಲಿ ಸಾಲಾಗಿ ಕೂತಿರುತ್ತಾರೆ. ಒಡವೆ ಯಾರದೆಂದು ದಲ್ಲಾಳಿ ಹೇಳುವುದಿಲ್ಲ, ಮಾನವಿದ್ದವರು ಕೇಳುವುದೂ ಇಲ್ಲ. ಹಳೆಯದಕ್ಕೆ ಮಜೂರಿ ಇಲ್ಲ, ತೂಕಕ್ಕೆ ಮಾತ್ರ ದುಡ್ಡು. ಇಬೂರ್ಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಹಬ್ಬದ ಹಿಂದಿನ ಸಂತೆಯಲ್ಲಿ ಬೆಲೆ ಪಾತಾಳಕ್ಕೆ ಇಳಿಯುತ್ತದೆ, ಯಾಕೆಂದರೆ ಮನೆಮನೆಗೂ ಬಲಿಗೆ ಟಗರು ಬೇಕು, ಟಗರು ಕೊಳ್ಳಲು ಹೆಂಗಸರು ಕೈಬಳೆ ಬಿಚ್ಚುತ್ತಾರೆ. ಇದನ್ನು ಕಂಡುಹಿಡಿದ ದಿನ ಅವನಿಗಾದ ಸಂತೋಷ ನೋಡಬೇಕಿತ್ತು. ಹಸಿದವರ ಸಾಲನ್ನು ಕಂಡು ರಿಯಾಯಿತಿ ಅಂತ ಓದಿಕೊಳ್ಳುವ ಕಣ್ಣು ಎಲ್ಲರಿಗೂ ಇರುವುದಿಲ್ಲ.

ಆ ಗುರುವಾರ ದಲ್ಲಾಳಿ ಬೆಲ್ಲಾ ಒಂದು ಜೊತೆ ಎದೆಪಿನ್ನು, ಅವನ್ನು ಕೂಡಿಸುವ ಸರಪಳಿ, ಎರಡು ದಪ್ಪ ಬಳೆ ಕೂಗುತ್ತಾ ಬಂದ. ಒಟ್ಟು ತೂಕ ಅರ್ಧ ಕಿಲೋಗಿಂತ ಕೂದಲೆಳೆಯಷ್ಟು ಹೆಚ್ಚು. ಇಬೂರ್ಕ್‌ನ ಮನಸ್ಸು ಕುಣಿಯಿತು. ಬಾಯಿ ಮಾತ್ರ ವ್ಯಾಪಾರಿಯದು.

"ಯಾವ ಕತ್ತೆಯ ಕೊರಳಿಂದ ಬಿಚ್ಕೊಂಡು ಬಂದ್ಯೋ ಇದನ್ನ?" ಎಂದು ಇಡೀ ಸಂತೆಗೆ ಕೇಳುವಂತೆ ಕೂಗಿದ. "ಬೆಳ್ಳಿಗಿಂತ ಕೊಳೆನೇ ಜಾಸ್ತಿ ತೂಗುತ್ತೆ!"

"ಕೊಳ್ಳೋದಾದ್ರೆ ಕೊಳ್ಳು ಮಾರಾಯ, ಬೈಯೋಕೆ ಬೇರೆ ಸಂತೆ ನೋಡ್ಕೋ," ಅಂದ ಬೆಲ್ಲಾ.

ಬೈಗುಳ ಕೇಳಿ ಉಳಿದ ಕೊಳ್ಳುವವರು ಹಿಂಜರಿದರು. ಬೆಲೆ ಇನ್ನಷ್ಟು ಬಿತ್ತು. ದಲ್ಲಾಳಿ ಗೋಡೆಯ ಕಡೆ ಹೋಗಿ ಬಗ್ಗಿ ಏನೋ ಕೇಳಿಕೊಂಡು ಬಂದು, "ಆಗಲಿ ಅಂದಳು" ಎಂದ. ಇಬೂರ್ಕ್ ನಾಲ್ಕು ಸಾವಿರ ದಿರ್ಹಮ್ ಎಣಿಸಿದ. ಆ ದುಡ್ಡಿಗೆ ಅಂಗಡಿಯಲ್ಲಿ ಇದರ ಅರ್ಧವೂ ಬರುತ್ತಿರಲಿಲ್ಲ.

ಮನೆಯಲ್ಲಿ ಒಲೆಯ ಬೂದಿ ಹಾಕಿ ತಿಕ್ಕಿ ಫಳಫಳ ಹೊಳೆಯಿಸಿದ.

"ಯಾರದಂತೆ?" ಅಂದಳು ಯಾಮ್ನಾ.

"ಬೆಳ್ಳಿಗೂ ಹೆಸರಿರುತ್ತೇನೇ?"

"ಗಂಡಸರಿಗೆ ಇರಲ್ಲ ಬಿಡು," ಅಂದಳು. ಅವಳು ಮದುವೆಯಾಗಿ ಹೋದದ್ದು ದೂರದ ಹಳ್ಳಿಗೆ, ಹಬ್ಬಕ್ಕೆಂದು ಬಂದವಳು. ಈ ಊರಿನ ಯಾವ ಒಡವೆ ಯಾರದೆಂದು ಅವಳಿಗೂ ತಿಳಿಯದು.

ಮುನ್ನಾದಿನ ಮಧ್ಯಾಹ್ನ ಗೋರಂಟಿ, ಸಕ್ಕರೆ ಗಟ್ಟಿ, ನಡುವೆ ಬೆಳ್ಳಿ ಇಟ್ಟ ತಟ್ಟೆಯನ್ನು ಹೊತ್ತು ಅಕ್ಕ ತಮ್ಮ ಇಜ್ಜಾಳ ಮನೆಗೆ ಹೋದರು. ಅಂಗಳದಲ್ಲಿ ಕೊಬ್ಬಿದ ಟಗರೊಂದು ಕಟ್ಟಿತ್ತು. ವಿಧವೆಯ ಕೈ ಧಾರಾಳವೇ ಇದೆ ಎಂದು ಇಬೂರ್ಕ್ ಖುಷಿಪಟ್ಟ. ನೆರೆಯ ಹೆಂಗಸರು ತಟ್ಟೆಯ ಬಟ್ಟೆ ಸರಿಸಿದರು. ನಾಲಿಗೆ ಆಡಿಸಿ ಶುಭದ ಕೇಕೆ ಹಾಕಲು ತೆರೆದ ಬಾಯಿಗಳು ಹಾಗೇ ಮುಚ್ಚಿಕೊಂಡವು. ಎಲ್ಲರೂ ಇಜ್ಜಾಳ ಕಡೆ ನೋಡಿದರು.

ಇಜ್ಜಾ ಒಂದು ಪಿನ್ನನ್ನು ಎತ್ತಿಕೊಂಡಳು. "ಚೆನ್ನಾಗಿ ತಿಕ್ಕಿದೀಯಪ್ಪ. ನಮ್ಮಮ್ಮ ಇದನ್ನು ನನ್ನೆದೆಗೆ ಸಿಕ್ಕಿಸಿದ ದಿನವೂ ಇಷ್ಟು ಹೊಳೆದಿರಲಿಲ್ಲ."

ಇಬೂರ್ಕ್‌ ಪಿನ್ನನ್ನೂ ಅವಳ ಮುಖವನ್ನೂ ನೋಡಿದ.

"ಗೋಡೆ ಹತ್ರ ಕೂತಿದ್ದೆ," ಅಂದಳು ಇಜ್ಜಾ. "ಕತ್ತೆ ನಾನೇ."

ಯಾಮ್ನಾ ತಲೆ ಚಚ್ಚಿಕೊಂಡಳು. "ಅತ್ತೆಯ ಧನ ಅಳಿಯ ದಾನ ಮಾಡಿದ! ಅಯ್ಯೋ ನಿನ್ನ!"

ಭೂಮಿ ಬಾಯಿ ಬಿಡಬಾರದೇ ಎಂದು ಬೇರೆ ಯಾರಾದರೂ ಅಂದುಕೊಳ್ಳುತ್ತಿದ್ದರು. ಇಬೂರ್ಕ್ ಅಂದದ್ದು: "ತೂಕ ಸರಿ ಇದೆಯಲ್ಲ? ಬೇಕಾದ್ರೆ ತಕ್ಕಡಿ ತರಿಸಿ. ದುಡ್ಡು ಕೊಟ್ಟು ತಗೊಂಡಿದ್ದು, ಕದ್ದಿದ್ದಲ್ಲ."

"ಕದ್ದೆ ಅಂತ ಯಾರಂದ್ರು? ನನ್ನ ಮನೆಯಿಂದ ಹೋಗಿದ್ದು ನನ್ನ ಮನೆಗೆ ಬಂತು. ನಿನ್ನ ಮನೆಯಿಂದ ಬಂದಿದ್ದು ಯಾವುದಪ್ಪ, ಅದನ್ನ ತೋರಿಸು."

ಒಳಗಿನಿಂದ ತೂದಾ ಬಂದಳು. ಅವನು ಅವಳ ಮುಖ ನೋಡಿದ. ನಗು ಇರಲಿಲ್ಲ. ಅದನ್ನು ನೋಡಿದ ಮೇಲೆ ಅವನಿಗೆ ಮೊದಲ ಸಲ ನಿಜವಾಗಿ ಭಯವಾಯಿತು. ಇನ್ನೊಂದು ಅರ್ಧ ಕಿಲೋ, ಹೊಸದು, ಮಜೂರಿ ಸಮೇತ ತರುತ್ತೇನೆ ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಹಾಳು ಮನಸ್ಸು ಅದರ ಬೆಲೆಯನ್ನು ಕೂಡತೊಡಗಿತು, ತುಟಿಗಳು ಸಣ್ಣಗೆ ಅಲುಗಿದವು. ಕೂಡಿ ಮುಗಿಸುವುದರೊಳಗೆ ತೂದಾ ಅಂಗಳಕ್ಕೆ ಇಳಿದು ಟಗರಿನ ಹಗ್ಗ ಬಿಚ್ಚಿದ್ದಳು.

"ನೀವು ಕೊಟ್ಟ ದುಡ್ಡಿಗೆ ಅಮ್ಮ ಇದನ್ನ ತಂದ್ಲು, ನಾಳೆ ನಿಮಗೆ ಊಟ ಹಾಕೋಕೆ," ಎಂದು ಹಗ್ಗವನ್ನು ಅವನ ಕೈಯಲ್ಲಿಟ್ಟಳು. "ಬೆಳ್ಳಿ ನಮ್ಮದು, ಟಗರು ನಿಮ್ಮದು. ಲೆಕ್ಕ ಚುಕ್ತಾ."

"ತೂದಾ..."

"ಹೋಗಿ ಬನ್ನಿ ಅನ್ನಲ್ಲ. ಹೋಗಿ."

ಯಾಮ್ನಾ ಅವನ ಜೊತೆ ಹೊರಡಲಿಲ್ಲ. ತಾನು ಇಲ್ಲೇ ಚಹಾ ಕುಡಿದು ಬರುತ್ತೇನೆಂದು ಹೆಂಗಸರ ನಡುವೆ ಕೂತುಬಿಟ್ಟಳು.

ಹಬ್ಬದ ಮುನ್ನಾದಿನ ಟಗರು ಹಿಡಿದು ಹೋಗುವವನನ್ನು ಬೆಲೆ ಕೇಳದೆ ಬಿಡುವ ರೂಢಿ ಆ ಊರಲ್ಲಿಲ್ಲ. ಓಣಿಯ ತುದಿಯಲ್ಲೇ ಕ್ಷೌರದವನು ಅಡ್ಡ ಬಂದ.

"ಎಷ್ಟಕ್ಕೆ ಬಿತ್ತು ಇಬೂರ್ಕ್?"

"ನಾಲ್ಕು ಸಾವಿರ."

"ಇದಕ್ಕಾ? ಮೋಸ ಹೋದ್ಯಲ್ಲೋ!"

ಇಬೂರ್ಕ್ ಟಗರನ್ನು ನೋಡಿದ, ಮುಚ್ಚಿದ ಬಾಗಿಲನ್ನು ತಿರುಗಿ ನೋಡಿದ.

"ಹೌದು," ಅಂದ. ಹುಟ್ಟಿದಾಗಿನಿಂದ ಬೆಲೆಯ ವಿಷಯದಲ್ಲಿ ಅವನು ವಾದ ಮಾಡದೆ ಒಪ್ಪಿಕೊಂಡದ್ದು ಅದೊಂದೇ ಸಲ.