ಕಾರಿನ ಮೂತಿಯಿಂದ ಬಂದ ಗಾಳಿ

ಸಂಗ್ರಾಮನಿಗೆ ಒಂದು ವಾರದಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಉಣ್ಣಲು ಕೂತರೆ ರೊಟ್ಟಿ ಅರ್ಧಕ್ಕೆ ಬಿಟ್ಟು ಅಂಗಳಕ್ಕೆ ಓಡುತ್ತಿದ್ದ. ಅಲ್ಲಿ ಬಾನೆಟ್ ಎತ್ತಿಕೊಂಡು ನಿಂತ ತನ್ನ ಹಳೆಯ ಎಸ್ಟೀಮ್ ಕಾರನ್ನು ದಿಟ್ಟಿಸಿ ನೋಡಿ, ಮತ್ತೆ ಒಳಗೆ ಬಂದು ಆರಿದ ಪಲ್ಯ ತಿನ್ನುತ್ತಿದ್ದ. ಇಷ್ಟಕ್ಕೆಲ್ಲ ಕಾರಣ ಹುಡುಗಿಯಲ್ಲ, ಹೊಲದ ತಕರಾರೂ ಅಲ್ಲ. ಒಂದು ಫ್ಯಾನು.

ಶಿರಗುಪ್ಪಿಯಲ್ಲಿ ಕಬ್ಬು ಕಟಾವು ಮಾಡುವ ದೊಡ್ಡ ಮಷಿನ್ನುಗಳಿಗೆ ಅವನೂ ಒಬ್ಬ ಮೆಕ್ಯಾನಿಕ್ಕು. ಆರು ಸೀಜನ್ ಆ ಮಷಿನ್ನುಗಳ ಹೊಟ್ಟೆಯ ಕೆಳಗೆ ಮಲಗಿ, ಮೈತುಂಬ ರವದಿಯ ಧೂಳು ಮೆತ್ತಿಕೊಂಡು, ಕಬ್ಬಿನ ಒಣ ಎಲೆಗಳ ಆ ರಾಶಿಯಲ್ಲಿ ಬಿದ್ದ ನಟ್ಟು ಹುಡುಕಿ ಹುಡುಕಿ ಸಾಕಾಗಿತ್ತು. ಸೀಜನ್ ಮುಗಿದರೆ ಕೆಲಸವೂ ಮುಗಿಯುತ್ತಿತ್ತು. ಬಿಡುವಿನ ತಿಂಗಳುಗಳಲ್ಲಿ ಅವನು ಈ ಕಾರು ಕಟ್ಟಿದ್ದ. ಎಂಜಿನ್ ಬಿಚ್ಚಿ ಜೋಡಿಸಿ, ಬಲ ಹೆಚ್ಚಿಸುವ ಟರ್ಬೊ ಕೂರಿಸಿ, ಬೀದಿಯಲ್ಲಿ ಹೊರಟರೆ ಕೋಳಿಗಳು ಗೋಡೆ ಹತ್ತುವಂತೆ ಮಾಡಿದ್ದ. ಟರ್ಬೊ ಬಂದ ಮೇಲೆ ಎಂಜಿನ್ ಆಯಿಲ್ ಕಾಯತೊಡಗಿತು. ಅದನ್ನು ತಣಿಸಲು ಮುಂದಿನ ಜಾಲರಿಯ ಹಿಂದೆ ಒಂದು ಆಯಿಲ್ ಕೂಲರ್ ಕೂರಿಸಿದ್ದ. ಆಯಿಲ್ ಹರಿಯುವ ಪುಟ್ಟ ರೇಡಿಯೇಟರ್ ಅನ್ನಿ. ಅದಕ್ಕೆ ಗಾಳಿ ಹಾಯಿಸಲು ಫ್ಯಾನು ಬೇಕಿತ್ತು.

ಅವಸರಕ್ಕೂ ಕಾರಣವಿತ್ತು. ನಿಪ್ಪಾಣಿಯ ಹೈವೇ ಪಕ್ಕದಲ್ಲಿ ನಿತಿನ ಎಂಬುವನ ಗ್ಯಾರೇಜು. ಬೆಳಗಾವಿಯಿಂದ ಕೊಲ್ಹಾಪುರದವರೆಗೆ ಕಾರಿನ ಹುಚ್ಚಿದ್ದವರೆಲ್ಲ ಎಂಜಿನ್ನಿನ ತಾಕತ್ತು ಏರಿಸಿಕೊಳ್ಳಲು ಅಲ್ಲಿಗೇ ಬರುತ್ತಿದ್ದರು. ಅವನು ಸಂಗ್ರಾಮನಿಗೆ ಒಂದೇ ಮಾತು ಹೇಳಿದ್ದ: "ರವಿವಾರ ಗಾಡಿ ತಗೊಂಡ ಬಾ. ತವಂದಿ ಘಾಟ್ ಎರಡ ಸಲಾ ಏರಸೂಣು. ಆಯಿಲ್ ನೂರಾ ಇಪ್ಪತ್ತ ಡಿಗ್ರಿ ದಾಟಲಿಲ್ಲಂದ್ರ ನನ್ನ ಗ್ಯಾರೇಜಿನ್ಯಾಗ ಗಾಡಿ ಏರಿಸಿ ಕೆಲಸ ಮಾಡೂ ಒಂದ ರ‍್ಯಾಂಪ್ ನಿಂದು. ವರ್ಷಪೂರಾ ಕೆಲಸ. ದಾಟ್ತಂದ್ರ ನಿನ್ನ ಕಬ್ಬಿನ ಮಷಿನ್ನಕ್ಕ ವಾಪಸ್ ಹೋಗು."

ವರ್ಷವಿಡೀ ಕೆಲಸ, ರವದಿ ಇಲ್ಲದ ಕೆಲಸ. ಅದೆಲ್ಲ ಈಗ ಒಂದು ಫ್ಯಾನಿನ ಮೇಲೆ ನಿಂತಿತ್ತು.

ಫ್ಯಾನು ಆರಿಸುವುದೆಂದರೆ ಹೆಣ್ಣು ನೋಡಿದಷ್ಟೇ ಗೋಳಾಯಿತು. ಸೋಮವಾರ ಕುಡಚಿಗೆ ಹೋಗಿ ಸ್ಟೇಷನ್ ರಸ್ತೆಯ ಗುಜರಿಯಿಂದ ಹನ್ನೆರಡು ಇಂಚಿನ ದೊಡ್ಡ ಫ್ಯಾನು ತಂದ. ಬ್ಯಾಟರಿಗೆ ಹಚ್ಚಿದರೆ ಮನೆಯ ಹೆಂಚು ಹಾರುವಂಥ ಗಾಳಿ. ಆದರೆ ಕೂಲರು ಉದ್ದಕ್ಕೆ ಇತ್ತು, ಫ್ಯಾನು ಗುಂಡಗೆ. ನಡುವಿಗಷ್ಟೇ ಗಾಳಿ ಸಿಕ್ಕಿತು, ಎರಡೂ ತುದಿಗೆ ಮುಟ್ಟಲೇ ಇಲ್ಲ. ಅದು ಕರೆಂಟು ಎಳೆಯುವ ರಭಸಕ್ಕೆ ಹೆಡ್‌ಲೈಟು ಮಂಕಾದವು. ಮಂಗಳವಾರ ಚಿಕ್ಕೋಡಿಯ ಅಂಗಡಿಯಿಂದ ಎರಡು ತೆಳ್ಳನೆಯ ಹೊಸ ಫ್ಯಾನು ತಂದ. ನೋಡಲು ಅಂದ, ಸದ್ದೂ ಕಡಿಮೆ. ಕೂಲರಿನ ಹಿಂದೆ ಹಿಡಿದು, ಮುಂದೆ ಪೇಪರ್ ಚೂರು ಇಟ್ಟ. ಒಳಗೆ ಎಳೆದುಕೊಂಡು ಅಂಟಬೇಕಿದ್ದ ಪೇಪರು ಜಾರಿ ನೆಲಕ್ಕೆ ಬಿತ್ತು. ಸಂಗ್ರಾಮ ಆ ಫ್ಯಾನಿಗೆ ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ಬುಧವಾರ ಮತ್ತೆ ಕುಡಚಿ. ಗುಜರಿಯ ಚಾಚಾ ಅವನ ಮುಖ ನೋಡಿಯೇ ಚಹಾ ತರಿಸಿದ.

"ಬೇಟಾ, ಖಾಲಿ ಜಾಗಾದಾಗ ಎಲ್ಲಾ ಫ್ಯಾನೂ ಬೀಸ್ತಾವ. ನಿನ್ನ ಕೂಲರ್ ದಪ್ಪ ಐತಿ. ಅದರ ಸಣ್ಣ ಸಣ್ಣ ಸಂದ್ಯಾಗಿಂದ ಗಾಳಿ ಎಳೀಬೇಕಂದ್ರ ದಮ್ ಬೇಕು. ಇಂಚ್ ಎಷ್ಟು ಅಂತ ಕೇಳಬ್ಯಾಡ, ದಮ್ ಎಷ್ಟು ಅಂತ ಕೇಳು."

ಹೀಗೆಂದು ಅವನು ಒಂಬತ್ತು ಇಂಚಿನ, ಬಾಗಿದ ರೆಕ್ಕೆಯ, ದಪ್ಪ ಮೋಟಾರಿನ ಎರಡು ಹಳೆಯ ಫ್ಯಾನು ಕೊಟ್ಟ. ಸಂಗ್ರಾಮ ಜೊತೆಗೆ ಬಿಚ್ಚಿ ತಂದಿದ್ದ ಕೂಲರಿಗೆ ಅಲ್ಲಿಯೇ ಹಿಡಿದು ನೋಡಿದ. ಪೇಪರು ಚಪ್ಪನೆ ಅಂಟಿತು. ಅವನಿಗೆ ಚಾಚಾನ ಕಾಲಿಗೆ ಬೀಳುವಷ್ಟು ಖುಷಿಯಾಯಿತು.

"ಆರಿಸೂದು ಅರ್ಧಾ ಕೆಲಸ. ಕೂಡ್ರಸೂದು ಇನ್ನರ್ಧಾ," ಅಂದ ಚಾಚಾ. "ಗಡಬಡ ಮಾಡಬ್ಯಾಡ."

ಗಡಬಡ ಮಾಡಬೇಡ ಎಂದು ಸಂಗ್ರಾಮನಿಗೆ ಹೇಳುವುದೂ ಒಂದೇ, ಎಮ್ಮೆಗೆ ಹೇಳುವುದೂ ಒಂದೇ. ಎರಡು ದಿನ ತಗಡು ಬಾಗಿಸಿ, ಗಾಳಿ ಸೋರದಂತೆ ಕೂಲರಿನ ಬೆನ್ನಿಗೆ ಪೆಟ್ಟಿಗೆ ಕಟ್ಟಿ, ಶನಿವಾರ ಸಂಜೆ ಫ್ಯಾನು ಕೂರಿಸಿದ. ತೊಂಬತ್ತೈದು ಡಿಗ್ರಿಗೆ ತಾನೇ ಚಾಲೂ ಆಗಲು ಒಂದು ಸ್ವಿಚ್ಚು, ಕೈಯಿಂದ ಚಾಲೂ ಬಂದ್ ಮಾಡಲು ಇನ್ನೊಂದು. ಕತ್ತಲಾಗುವ ಮೊದಲು ಮುಗಿಸಬೇಕಿತ್ತು, ಮನಸ್ಸು ಆಗಲೇ ಘಾಟ್ ಏರುತ್ತಿತ್ತು. ವೈರು ಜೋಡಿಸಿದ್ದು ಕೈ. ಇಂಥ ನೂರು ಫ್ಯಾನಿಗೆ ವೈರು ಕೊಟ್ಟ ಕೈ, ಕಣ್ಣು ನೋಡುವ ಮುಂಚೆಯೇ ಕೆಲಸ ಮುಗಿಸಿತು.

ರವಿವಾರ ಬೆಳಿಗ್ಗೆ ಅವನ ತಾಯಿ ಸತ್ತೆವ್ವ ಆರತಿ ತಟ್ಟೆ ಹಿಡಿದು ಕಾರಿನ ಮುಂದೆ ಬಂದಳು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು, ಜಾಲರಿಗೆ ಕುಂಕುಮ ಹಚ್ಚಿದಳು, ಕರ್ಪೂರ ಹೊತ್ತಿಸಿದಳು. ಸಂಗ್ರಾಮ ಸೀಟಿನಲ್ಲಿ ಕೂತು ಕೈ ಸ್ವಿಚ್ಚು ಒತ್ತಿ ಫ್ಯಾನಿನ ಸದ್ದು ಕೇಳುತ್ತಿದ್ದ. ಕರ್ಪೂರ ಆರಿತು. ಅವಳು ಸೆರಗು ಅಡ್ಡ ಹಿಡಿದು ಮತ್ತೆ ಹೊತ್ತಿಸಿದಳು. ಮತ್ತೆ ಆರಿತು. ಜಾಲರಿಯ ಕುಂಕುಮ ಹಾರಿ ಅವಳ ಸೀರೆಯ ಮೇಲೆ ಬಿತ್ತು.

"ತಮ್ಮಾ, ಇದು ನನ್ನ ಮಾರಿಗೆ ಊದಾಕತ್ತೈತಲ್ಲೊ. ಕರ್ಪೂರ ನಿಲ್ಲವಲ್ದು."

"ಫ್ಯಾನ್ ಅಂದ್ರ ಊದಾಕ ಇರೂದು ಬೇ. ಲಗೂನ ಮುಗಸು, ಹೊತ್ತಾತು."

"ಹಂಗಲ್ಲೊ, ಕಾರ್ ಮುಂದಕ ಹೊಂಟ್ರ ಗಾಳಿ ಒಳಗ..."

"ಅವ್ವಾ! ಕಬ್ಬಿನ ಹೊಲದಾಗ ಕಸಾ ತಗದಂಗಲ್ಲ ಇದು. ನಿನಗೇನ ತಿಳೀತೈತಿ ಇದರಾಗ? ಸರಿ ಅತ್ತಾಗ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೇ ಚುರುಕ್ಕೆಂದಿತು. ಆದರೆ ಹಿಂದೆ ತೆಗೆದುಕೊಳ್ಳುವಷ್ಟು ಪುರುಸೊತ್ತು ಅವನಿಗೆಲ್ಲಿ? ಸತ್ತೆವ್ವ ಆರಿದ ಕರ್ಪೂರವನ್ನೇ ಒಂದು ಸುತ್ತು ಬೆಳಗಿ ಪಕ್ಕಕ್ಕೆ ಸರಿದಳು. ನಿಂಬೆಹಣ್ಣು ಪಚಕ್ಕೆಂದಿತು, ಕಾರು ಹೊರಟಿತು.

ಕೃಷ್ಣೆ ದಾಟಿ, ಅಂಕಲಿ ಹಿಂದೆ ಹಾಕಿ ಚಿಕ್ಕೋಡಿ ಮುಟ್ಟುವಾಗ ಆಯಿಲ್ ಮೀಟರು ನೂರಾ ನಾಲ್ಕು ಡಿಗ್ರಿ ತೋರಿಸುತ್ತಿತ್ತು. ಬಸ್‌ಸ್ಟ್ಯಾಂಡ್ ಮುಂದೆ ಟ್ರ್ಯಾಕ್ಟರು, ಟಂಟಂ ಆಟೋಗಳ ನಡುವೆ ಸಿಕ್ಕಿ ನಿಂತಾಗ ತೊಂಬತ್ತೆಂಟಕ್ಕೆ ಇಳಿಯಿತು. ನಿಂತ ಕಾರನ್ನು ಫ್ಯಾನು ತಣಿಸುತ್ತಿದೆ! ಸಂಗ್ರಾಮ ಸ್ಟೀರಿಂಗ್ ತಟ್ಟಿ ನಕ್ಕ. ಊರು ದಾಟಿ ನಿಪ್ಪಾಣಿ ರಸ್ತೆ ಬಯಲಾಗುತ್ತಲೇ ತೊಂಬತ್ತು ಕಿಲೋಮೀಟರ್ ವೇಗದಲ್ಲಿ ಓಡಿಸಿದ.

ನೂರಾ ಹನ್ನೆರಡು. ನೂರಾ ಹತ್ತೊಂಬತ್ತು. ಅವನ ನಗು ನಿಂತಿತು. ನೂರಾ ಇಪ್ಪತ್ತಾರು. ಘಾಟ್ ಇನ್ನೂ ದೂರವಿತ್ತು, ರಸ್ತೆ ಹೆಚ್ಚುಕಮ್ಮಿ ಸಪಾಟಾಗಿತ್ತು, ಮುಂದಿನಿಂದ ಭರ್ರನೆ ಗಾಳಿ ಬರುತ್ತಿತ್ತು. ಓಡುವ ಕಾರು ನಿಂತ ಕಾರಿಗಿಂತ ತಣ್ಣಗಿರಬೇಕಲ್ಲವೇ? ಇದು ತಲೆಕೆಳಗು ನಡೆಯುತ್ತಿತ್ತು. ಫ್ಯಾನು ಚಿಕ್ಕದಾಯಿತು ಎಂದುಕೊಂಡ. ದೊಡ್ಡದೇ ಹಾಕಬೇಕಿತ್ತು ಎಂದುಕೊಂಡ. ಚಾಚಾ ಹಳೆಯ ಮಾಲು ಕಟ್ಟಿದನೆಂದು ಹಲ್ಲು ಕಡಿದ. ಮೀಟರು ನೂರಾ ನಲವತ್ತೊಂದು ಮುಟ್ಟಿತು. ವರ್ಷದ ಕೆಲಸ, ರ‍್ಯಾಂಪು, ಎಲ್ಲ ಆ ಅಂಕಿಯೊಳಗೆ ಸುಟ್ಟುಹೋಗುತ್ತಿರುವಂತೆ ಕಂಡಿತು.

ಮೋಟಾರು ಸುಟ್ಟಿದ್ದರೆ ವೈರಿಗೂ ಬೆಂಕಿ ಹತ್ತೀತೆಂದು ಹೆದರಿ, ಓಡುತ್ತಿರುವಾಗಲೇ ಫ್ಯಾನಿನ ಸ್ವಿಚ್ಚು ಬಂದ್ ಮಾಡಿದ. ಮೀಟರು ಇಳಿಯತೊಡಗಿತು. ನೂರಾ ಮೂವತ್ತಾರು. ನೂರಾ ಮೂವತ್ತು. ಫ್ಯಾನು ಚಾಲೂ ಮಾಡಿದ, ಏರಿತು. ಬಂದ್ ಮಾಡಿದ, ಇಳಿಯಿತು.

ರಸ್ತೆ ಬದಿಯ ಜಾಲಿ ಗಿಡದ ಕೆಳಗೆ ಕಾರು ನಿಲ್ಲಿಸಿ, ಫ್ಯಾನು ಚಾಲೂ ಮಾಡಿ, ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ. ಬೆಳಿಗ್ಗೆ ತಾಯಿ ನಿಂತಿದ್ದದ್ದೂ ಹೀಗೇ, ಜಾಲರಿಯ ಮುಂದೆ. ಬಿಸಿಗಾಳಿ ಬಂದು ಅವನ ಮುಖಕ್ಕೆ ಹೊಡೆಯಿತು. ಜೊತೆಗೆ ಕುಂಕುಮದ ನಾಲ್ಕು ಕಣ ಕಣ್ಣಿಗೆ ಬಿದ್ದವು.

ಫ್ಯಾನು ಒಳಗೆ ಎಳೆಯುತ್ತಿರಲಿಲ್ಲ, ಹೊರಗೆ ಊದುತ್ತಿತ್ತು. ಓಡುವಾಗ ಮುಂದಿನಿಂದ ನುಗ್ಗುವ ಗಾಳಿ ಒಂದು ಕಡೆಯಿಂದ, ಫ್ಯಾನಿನ ಗಾಳಿ ಇನ್ನೊಂದು ಕಡೆಯಿಂದ. ಎರಡೂ ಕೂಲರಿನೊಳಗೆ ಜಗಳಾಡಿ ನಿಂತುಬಿಟ್ಟಿದ್ದವು. ತಪ್ಪು ಫ್ಯಾನಿನದಲ್ಲ, ಚಾಚಾನದೂ ಅಲ್ಲ. ಕಬ್ಬಿನ ಮಷಿನ್ನಿನ ಕೂಲರಿನ ಫ್ಯಾನಿಗೆ ಶಿರಗುಪ್ಪಿಯ ಮೆಕ್ಯಾನಿಕ್ಕುಗಳು ವೈರನ್ನು ಬೇಕೆಂದೇ ಅದಲುಬದಲು ಕೊಟ್ಟು ಅದನ್ನು ಉಲ್ಟಾ ತಿರುಗಿಸುತ್ತಾರೆ. ಒಳಗೆ ಎಳೆದರೆ ರವದಿಯೆಲ್ಲ ಬಂದು ಕೂಲರಿಗೆ ಮೆತ್ತಿಕೊಳ್ಳುತ್ತದೆ, ಹೊರಗೆ ಊದಿದರೆ ಹಾರಿಹೋಗುತ್ತದೆ. ಮಷಿನ್ನು ಆಮೆಯ ನಡಿಗೆಯದು, ಎದುರು ಗಾಳಿಯ ಪ್ರಶ್ನೆಯೇ ಇಲ್ಲ. ಆರು ಸೀಜನ್ ಕಲಿತ ಕೈ ಶನಿವಾರ ಸಂಜೆ ಅದನ್ನೇ ಮಾಡಿತ್ತು. ಯಾವ ರವದಿಯಿಂದ ಓಡಿಹೋಗಲು ಕಾರು ಕಟ್ಟಿದನೋ, ಆ ರವದಿಯನ್ನು ಹಾರಿಸಲು ಫ್ಯಾನು ಕೂರಿಸಿದ್ದ.

ಫ್ಯಾನು ಮುಖಕ್ಕೆ ಊದುತ್ತಿದೆಯೆಂದು ಬೆಳಿಗ್ಗೆಯೇ ಅವ್ವ ಹೇಳಿದ್ದಳು. ಸಂಗ್ರಾಮ ರಸ್ತೆ ಬದಿಯಲ್ಲಿ ಒಬ್ಬನೇ ತಲೆ ಚಚ್ಚಿಕೊಂಡ. ವೈರು ತಿರುವಿ ಹಚ್ಚಲು ಐದು ನಿಮಿಷ ಸಾಕಾಯಿತು. ನಿಪ್ಪಾಣಿ ಮುಟ್ಟುವವರೆಗೆ ಮೀಟರು ನೂರಾ ಎರಡರಿಂದ ಅಲುಗಲಿಲ್ಲ.

ನಿತಿನ ಕಾರಿನ ಸುತ್ತ ಒಂದು ಸುತ್ತು ಹೊಡೆದು, ಒಳಗೆ ಕೂತು, ಮೀಟರಿನ ಪಕ್ಕದ ಸಣ್ಣ ಗುಂಡಿ ಒತ್ತಿದ. ಅತಿ ಹೆಚ್ಚು ಎಷ್ಟು ಕಾದಿತ್ತು ಎಂಬುದನ್ನು ಆ ಮೀಟರು ನೆನಪಿಟ್ಟುಕೊಳ್ಳುತ್ತದೆ. ನೂರಾ ನಲವತ್ತೊಂದು.

"ಕಾಯ್ ರೇ, ಇದೇನು ಆಯಿಲ್ಲೊ, ಭಜಿ ಕರಿಯೂ ಎಣ್ಣಿಯೊ?"

ಸಂಗ್ರಾಮನಿಗೆ ಮುಚ್ಚಿಡಲು ಏನೂ ಉಳಿದಿರಲಿಲ್ಲ. ವೈರು, ರವದಿ, ರೂಢಿ, ಕರ್ಪೂರ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದ. ನಿತಿನ ನಗಲಿಲ್ಲ. ಕೂಲರಿನ ಬೆನ್ನಿನ ಪೆಟ್ಟಿಗೆಯನ್ನು ಬೆರಳಿನಿಂದ ಸವರಿದ, ಫ್ಯಾನಿನ ಬಾಗಿದ ರೆಕ್ಕೆ ನೋಡಿದ, ವೈರಿನ ಹೊಸ ಗಂಟು ನೋಡಿದ.

"ಇವತ್ತ ಘಾಟ್ ಬ್ಯಾಡ. ಇಷ್ಟ ಕಾದ ಆಯಿಲ್ ಹಾಕ್ಕೊಂಡ ಏರಸಿದ್ರ ಬೇರಿಂಗ್ ಕೆಟ್ಟ ಹೋಗ್ತಾವ. ಆಯಿಲ್ ಬದಲಸಿ ನಿಧಾನಕ ಮನಿಗೆ ಹೋಗು."

"ಮತ್ತ ಕೆಲಸ, ದಾದಾ?"

"ಈ ಗುಂಡಿ ಐದ ಸೆಕೆಂಡ್ ಒತ್ತಿ ಹಿಡದ್ರ ನೂರಾ ನಲವತ್ತೊಂದು ಅಳಿಸಿ ಹೋಗ್ತಿತ್ತು. ನೀ ಅಳಿಸಲಿಲ್ಲ. ನಾಳೆಯಿಂದ ಬಾ."

ನಿಜ ಹೇಳಬೇಕೆಂದರೆ ಅಂಥ ಗುಂಡಿ ಇರುವುದೇ ಗಡಿಬಿಡಿಯಲ್ಲಿ ಸಂಗ್ರಾಮನಿಗೆ ನೆನಪಾಗಿರಲಿಲ್ಲ. ಅದನ್ನೂ ಹೇಳಲು ಬಾಯಿ ತೆರೆದ. ಆದರೆ ನಿತಿನ ಆಗಲೇ ಬೇರೆ ಕಾರಿನ ಕೆಳಗೆ ಹೊಕ್ಕಿದ್ದ.

ಕೆಲಸ ಸಿಕ್ಕರೂ ಸಮಾಧಾನ ಸಿಗಲಿಲ್ಲ. ಐವತ್ತರ ಮೇಲೆ ಓಡಿಸದೆ ಮನೆಗೆ ಬರುವಷ್ಟು ಹೊತ್ತೂ ತಾಯಿಯ ಸೀರೆಯ ಮೇಲಿನ ಆ ಕುಂಕುಮವೇ ಕಣ್ಣ ಮುಂದಿತ್ತು. ಮಧ್ಯಾಹ್ನ ಮೂರಕ್ಕೆ ಮನೆ ಮುಟ್ಟಿದ. ಸತ್ತೆವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು, ಅವನತ್ತ ನೋಡಲಿಲ್ಲ.

"ಅವ್ವಾ, ಕೆಲಸ ಸಿಕ್ಕೈತಿ."

"ಚಲೋ ಆತು."

"ಕರ್ಪೂರ ತಗೊಂಡ ಬಾ ಬೇ. ಇನ್ನೊಮ್ಮೆ ಬೆಳಗು."

"ನಾ ಯಾಕಪಾ? ನನಗೇನ ತಿಳೀತೈತಿ ಅದರಾಗ?"

ಬೆಳಿಗ್ಗೆ ಅವನಾಡಿದ ಮಾತೇ ವಾಪಸು ಬಂದಿತ್ತು. ಸಂಗ್ರಾಮ ಅವಳ ಮುಂದೆ ನೆಲದ ಮೇಲೆ ಕೂತ. ಒಂದು ವಾರದಲ್ಲಿ ಮೊದಲ ಸಲ, ಎದ್ದು ಓಡಬೇಕೆನ್ನಿಸಲಿಲ್ಲ. "ನಿನಗ ತಿಳೀತು, ನನಗ ತಿಳೀಲಿಲ್ಲ. ನಾ ತಪ್ಪ ಮಾಡಿದ್ನಿ. ವೈರಿಂದೂ ಮಾಡಿದ್ನಿ, ಮಾತಿಂದೂ ಮಾಡಿದ್ನಿ," ಅಂದ. ಅವಳು ಇನ್ನೂ ನಾಲ್ಕು ಶೇಂಗಾ ಸುಲಿದಳು. ಆಮೇಲೆ ಮೊಣಕಾಲು ಹಿಡಿದು ಎದ್ದು ಒಳಗೆ ಹೋಗಿ ತಟ್ಟೆ ತಂದಳು.

"ಚಾಲೂ ಮಾಡು ನಿನ್ನ ಫ್ಯಾನ್ನ."

ಅವನು ಮಾಡಿದ. ಸತ್ತೆವ್ವ ಕರ್ಪೂರ ಹೊತ್ತಿಸಿ ಜಾಲರಿಯ ಮುಂದೆ ಹಿಡಿದಳು. ಉರಿ ಅತ್ತ ಬಾಗಿತು, ಹೊಗೆಯೆಲ್ಲ ಸರಸರನೆ ಕಾರಿನೊಳಗೆ ಹೋಯಿತು. ಅವಳು ಬಗ್ಗಿ ಪೂರ್ತಿ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಾಂ, ಈಗ ಬರೋಬರ್ ಐತಿ," ಅಂದಳು. "ಬಾ, ರೊಟ್ಟಿ ಅದಾವ. ಇವತ್ತಾದ್ರೂ ಪೂರಾ ಉಣ್ಣು."