ಮೂಡುಬಿದಿರೆಯಲ್ಲಿ ಪರಿಚಯದವರಿಲ್ಲ

ವಾಮದಪದವಿನ ಶೀನಪ್ಪನಿಗೆ ಕುಡಿತ ಬಿಡುವುದಕ್ಕಿಂತ ದೊಡ್ಡ ಚಿಂತೆಯೆಂದರೆ, ಬಿಡಲು ಹೊರಟದ್ದು ಊರಿಗೆ ಗೊತ್ತಾಗುವುದು. ಕುಡಿಯುವುದು ಊರಿಗೆಲ್ಲ ಗೊತ್ತಿದೆ ಎನ್ನುವುದು ಮಾತ್ರ ಅವನೊಬ್ಬನಿಗೆ ಗೊತ್ತಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದೆಂದರೆ ಇದೇ.

ಅವನದು ಶಾಮಿಯಾನ, ಕುರ್ಚಿ ಬಾಡಿಗೆಯ ಕೆಲಸ. ಬಂಟ್ವಾಳದ ಕಡೆ ಯಾವ ಮದುವೆಗೆ ಹೋದರೂ ಕುರ್ಚಿಯ ಬೆನ್ನ ಮೇಲೆ ಅವನದೇ ಹೆಸರು. ಕಣ್ಣು ಹಳದಿಯಾಗಿ ಹೋದಾಗ ಡಾಕ್ಟರು, "ಮದ್ಯವರ್ಜನ ಶಿಬಿರಕ್ಕೆ ಸೇರಿ" ಎಂದರು. ಅದೊಂದು ಬೇಡವೆಂದು ಶೀನಪ್ಪ ಕೈಮುಗಿದ. ಶಿಬಿರಗಳಿಗೆ ಶಾಮಿಯಾನ ಹಾಕಿಕೊಡುವವನೇ ಅವನು. ಕೊನೆಯ ದಿನದ ಹಾರ, ಭಾಷಣ, ಪೇಪರಿನಲ್ಲಿ ಬರುವ ಫೋಟೋ ಎಲ್ಲವನ್ನೂ ಕಂಡವನು.

"ಹಾಗೆ ನೋಡಿದರೆ ನಾನೇ ಕಮ್ಮಿ ಮಾಡಿದ್ದೇನೆ ಡಾಕ್ಟ್ರೇ. ಮೊದಲು ಎರಡು ದಿನಕ್ಕೆ ಖಾಲಿಯಾಗುತ್ತಿದ್ದ ಬಾಟ್ಲಿ ಒಂದು ವರ್ಷದಿಂದ ಮೂರು ದಿನ ಬರ್ತದೆ," ಎಂದು ಜಂಬದಿಂದ ಹೇಳಿದ.

"ನಿಮ್ಮ ಲಿವರಿಗೆ ಅದು ಗೊತ್ತಾಗಲಿಲ್ಲ. ಹೀಗೇ ಮುಂದುವರಿದರೆ ಇನ್ನೊಂದು ವರ್ಷ ಕಷ್ಟ ಉಂಟು," ಎಂದ ಡಾಕ್ಟರು ಒಂದು ಫೋನ್ ನಂಬರು ಬರೆದುಕೊಟ್ಟರು. "ಇವರು ಕುಡಿತ ಬಿಟ್ಟವರು. ವಾರಕ್ಕೊಮ್ಮೆ ಸೇರಿ ಮಾತಾಡ್ತಾರೆ. ಫೋಟೋ ಗೀಟೋ ಇಲ್ಲ."

ಫೋನ್ ಎತ್ತಿದವರು ವಿಜಯರಾಜ ಎನ್ನುವ ನಿವೃತ್ತ ಪೋಸ್ಟ್ ಮಾಸ್ಟರು. "ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಮೂರು ಕಡೆಯೂ ಕೂಟ ಉಂಟು. ನಿಮಗೆ ಯಾವುದು ಹತ್ತಿರ?"

"ಯಾರೂ ಗುರ್ತ ಹಿಡಿಯದ್ದು ಯಾವುದು?" ಎಂದ ಶೀನಪ್ಪ.

"ಎಲ್ಲರೂ ಅದನ್ನೇ ಕೇಳುವುದು ಮಾರಾಯ್ರೆ," ಎಂದರು ವಿಜಯರಾಜರು.

ಶೀನಪ್ಪ ಲೆಕ್ಕ ಹಾಕಿದ. ಬಂಟ್ವಾಳದಲ್ಲಿ ಅಂಗಡಿಗೊಬ್ಬ ನೆಂಟ. ಬೆಳ್ತಂಗಡಿ ಹೆಂಡತಿ ಕಾಂತಿಯ ತವರು. ಅವನು ಬಸ್ಸಿನಿಂದ ಇಳಿಯುವ ಮೊದಲೇ ಸುದ್ದಿ ಇಳಿದಿರುತ್ತದೆ. ಉಳಿದದ್ದು ಮೂಡುಬಿದಿರೆ, ಭಾನುವಾರ ಮಧ್ಯಾಹ್ನ ಮೂರೂವರೆ. ಭಾನುವಾರ ಕಾಂತಿ ಶಿರ್ತಾಡಿಯ ಅಕ್ಕನ ಮನೆಗೆ ಹೋಗುವ ದಿನ. ಒಂದು ವರ್ಷದಿಂದ ತಪ್ಪಿಸಿದ್ದಿಲ್ಲ. ಸುಳ್ಳು ಹೇಳುವ ಕಷ್ಟವೂ ತಪ್ಪಿತಲ್ಲ ಎಂದು ಅವನಿಗೆ ಖುಷಿಯೇ ಆಯಿತು.

ಒಂದು ಶಾಲೆಯ ಹಿಂಬದಿಯ ಕೋಣೆ. ಒಳಗೆ ಹೋದವನು ಮೊದಲು ನೋಡಿದ್ದು ಕುರ್ಚಿಗಳ ಬೆನ್ನನ್ನು. ಅವನವಲ್ಲ. ಸಮಾಧಾನದಿಂದ ಕೂತ. ಹದಿನೈದು ಜನರಿದ್ದರು. ಮುಂದಿನ ಸಾಲಿನಲ್ಲಿ ಬೆನ್ನು ಹಾಕಿ ಕೂತಿದ್ದ ಹೆಂಗಸೊಬ್ಬಳು ಎದ್ದು ಈ ಕಡೆ ತಿರುಗಿದಳು.

ಕಾಂತಿ!

ಶೀನಪ್ಪನಿಗೆ ಮೊದಲು ಬಂದದ್ದು ಸಿಟ್ಟು. ಪತ್ತೇದಾರಿಕೆ ಮಾಡಿಕೊಂಡು ಇಲ್ಲಿಗೂ ಬಂದಳಲ್ಲ! ಅವಳೂ ಅವನನ್ನು ಕಂಡಳು. ಕುರ್ಚಿಯನ್ನು ಗಟ್ಟಿಯಾಗಿ ಹಿಡಿದಳು, ಆದರೆ ಕೂರಲಿಲ್ಲ.

"ನಾನು ಕಾಂತಿ," ಎಂದಳು. "ನಾನು ಕುಡಿಯುತ್ತಿದ್ದವಳು. ಇವತ್ತಿಗೆ ಹದಿಮೂರು ತಿಂಗಳಾಯ್ತು, ಒಂದು ತೊಟ್ಟು ಮುಟ್ಟಲಿಲ್ಲ."

ಯಾರೋ ಮೆಲ್ಲನೆ ಚಪ್ಪಾಳೆ ತಟ್ಟಿದರು. ಕಾಂತಿ ನಿಲ್ಲಿಸಲಿಲ್ಲ.

"ಗಂಡನ ಬಾಟ್ಲಿಯಿಂದಲೇ ತೆಗೀತಿದ್ದೆ. ಗೋಡೌನಿನಲ್ಲಿ ಪರದೆ ಕಟ್ಟುಗಳ ಹಿಂದೆ ಇಡ್ತಿದ್ರು. ಅವರು ಹಗಲು ಕುರ್ಚಿ ಇಳಿಸ್ಲಿಕ್ಕೆ ಹೋದ ಮೇಲೆ ಕುಡೀತಿದ್ದೆ. ಹೀಗೆ ಆರು ವರ್ಷ. ಅಳತೆ ಕಮ್ಮಿಯಾದರೂ ಅವರಿಗೆ ಡೌಟು ಬರಲಿಲ್ಲ. ತಾನೇ ಕುಡಿದದ್ದು ಅಂದುಕೊಳ್ತಿದ್ರು."

ಹಾಗಾದರೆ ಶೀನಪ್ಪ ಒಂದು ತೊಟ್ಟೂ ಕಮ್ಮಿ ಮಾಡಿರಲಿಲ್ಲ! ಮೂರನೆಯ ದಿನಕ್ಕೆ ಉಳಿಯುತ್ತಿದ್ದದ್ದು ಅವಳು ಬಿಟ್ಟ ಪಾಲು. ಅವಳು ಬಿಟ್ಟದ್ದನ್ನೂ ಅವನೇ ಕುಡಿದಿದ್ದ, ಮೇಲಿಂದ ಡಾಕ್ಟರ ಮುಂದೆ ಬೆನ್ನು ತಟ್ಟಿಕೊಂಡಿದ್ದ. ಆ ಆರು ವರ್ಷಗಳ ಅವಳ ಮುಖವನ್ನು ನೆನಪಿಸಿಕೊಳ್ಳಲು ನೋಡಿದ. ಅವಳು ಬಡಿಸಿದ ಬಟ್ಟಲು ನೆನಪಾಯಿತು, ಮುಖ ನೆನಪಾಗಲಿಲ್ಲ.

ಚಾ ಕುಡಿಯುವ ಹೊತ್ತಿಗೆ ಜಗಲಿಯಲ್ಲಿ ಅವಳೇ ಹತ್ತಿರ ಬಂದಳು.

"ನನಗೆ ಯಾಕೆ ಹೇಳಲಿಲ್ಲ ನೀನು?" ಅವನ ಸ್ವರದಲ್ಲಿ ಇನ್ನೂ ಯಜಮಾನಿಕೆ ಇತ್ತು. "ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ದೇನೆ," ಎಂದಳು ಕಾಂತಿ. "ಮೂರು ಸಲ."

"ಯಾವಾಗ?"

"ಮೊದಲನೇ ಸಲ ಆಯ್ತಾಯ್ತು ಅಂದ್ರಿ. ಎರಡನೇ ಸಲ ಬೈದ್ರಿ. ಮೂರನೇ ಸಲ ನನ್ನ ಕೈ ಹಿಡಿದು ಸಣ್ಣ ಮಕ್ಕಳ ಹಾಗೆ ಅತ್ರಿ. ಒಟ್ಟಿಗೆ ಬಿಡುವ ಕಾಂತಿ, ಒಟ್ಟಿಗೇ ಬಿಡುವ ಅಂದ್ರಿ." ಅವಳು ಗ್ಲಾಸನ್ನು ಕಟ್ಟೆಯ ಮೇಲಿಟ್ಟಳು. "ಬೆಳಿಗ್ಗೆ ಎದ್ದು, ದೋಸೆಗೆ ಚಟ್ನಿ ಉಂಟಾ ಅಂತ ಕೇಳಿದ್ರಿ. ಅದರ ಮರುವಾರ ನಾನೊಬ್ಬಳೇ ಬಂದೆ."

ಶೀನಪ್ಪ ಹುಡುಕಿದ. ಆ ರಾತ್ರಿ ಅವನೊಳಗೆ ಎಲ್ಲಿಯೂ ಇರಲಿಲ್ಲ. ಅವಳ ಕೈ ಹಿಡಿದದ್ದಿಲ್ಲ, ಅತ್ತದ್ದಿಲ್ಲ, ಏನೂ ಇಲ್ಲ. ಲಿವರ್ ಹೋಗುತ್ತದೆ ಎಂದಾಗಲೂ ಇಷ್ಟು ಹೆದರಿರಲಿಲ್ಲ ಅವನು.

ವಿಜಯರಾಜರು ಒಳಗಿನಿಂದ ಕರೆದರು. ಹೊಸಬರಿಗೆ ಮನಸ್ಸಿದ್ದರೆ ಎರಡು ಮಾತು ಆಡಬಹುದು ಎಂದರು. ಶೀನಪ್ಪ ಎದ್ದು ನಿಂತ. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಮಾತುಗಳೆಲ್ಲ ಹಾರಿಹೋಗಿದ್ದವು.

"ನಾನು ಶೀನಪ್ಪ," ಎಂದ. "ಈಗ ಮಾತಾಡಿದವಳು ನನ್ನ ಹೆಂಡತಿ. ಅವಳು ಕುಡಿದದ್ದು ನನಗೆ ಗೊತ್ತಾಗಲಿಲ್ಲ. ಬಿಟ್ಟದ್ದೂ ಗೊತ್ತಾಗಲಿಲ್ಲ."

ಕಾಂತಿ ತನ್ನ ಪಕ್ಕದ ಕುರ್ಚಿಯ ಮೇಲಿದ್ದ ಚೀಲವನ್ನು ತೆಗೆದು ನೆಲದ ಮೇಲಿಟ್ಟಳು.