ಹೆಲ್ಮ್‌ಬರಿಯ ಗಂಟೆ

ಗಂಟೆಯೊಳಗೆ ಹತ್ತಿ ತುರುಕಿ, ದುಪಟ್ಟಾದಲ್ಲಿ ಸುತ್ತಿ, ನಬೀಸಾ ಅದನ್ನು ವ್ಯಾನಿಟಿ ಬ್ಯಾಗಿಗೆ ಹಾಕುವಷ್ಟರಲ್ಲಿ ಸಫ್ನಾ ಕೋಣೆಗೆ ಬಂದಳು.

“ಅಕ್ಕಾ, ಐವಿ ಆಂಟಿಯ ಹಿತ್ತಾಳೆ ಗಂಟೆ ನೋಡಿದ್ರಾ? ಮೊನ್ನೆ ಅವರು ತೀರಿಕೊಂಡಾಗ ಇಲ್ಲೇ ಮೇಜಿನ ಮೇಲಿತ್ತು.”

“ಯಾವ ಗಂಟೆ?”

“ನಂಗೆ ಕೊಡ್ತೇನೆ ಅಂದಿದ್ರು ಅದನ್ನ.”

ನಬೀಸಾ ಝಿಪ್ ಎಳೆದಳು. ಹನ್ನೊಂದು ವರ್ಷ ಐವಿಯನ್ನು ಮೀಯಿಸಿ, ತಲೆ ಬಾಚಿ, ಗಂಜಿ ಕುಡಿಸಿದವಳು ಅವಳು. ಸಫ್ನಾ ಬಂದು ಐದು ತಿಂಗಳು. ಐವಿಯ ಕಣ್ಣು ಮಂಜಾದ ಮೇಲೆ ಇಂಗ್ಲಿಷ್ ಓದಿ ಹೇಳಲು ಬಂದವಳು. ನಬೀಸಾ ಐದನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದಳು.

ಇಗರ್ಜಿಯ ಪರವಾಗಿ ಶವಸಂಸ್ಕಾರದ ಎಲ್ಲ ಏರ್ಪಾಡು ಮಾಡಿದ್ದ ಮಂಗಳೂರಿನ ಚಾರ್ಲ್ಸ್ ಬಾಗಿಲಲ್ಲಿ ಇಣುಕಿದರು. “ಬನ್ನಿ ಮಾರಾಯ್ರೆ, ಹೊತ್ತಾಯ್ತು. ಸಫ್ನಾ, ಪುಸ್ತಕ ಮರೀಬೇಡ. ಎರಡು ಪುಟ ನೀನೇ ಓದಬೇಕು ಅಲ್ಲಿ.”

“ನಂಗೇನು ಕೆಲಸ, ಚಾರ್ಲ್ಸಣ್ಣ?” ನಬೀಸಾ ಕೇಳಿದಳು.

“ನೀನು ನೀರಿನ ಬಾಟ್ಲಿ ಹಿಡ್ಕೊ ಮಾರಾಯ್ತಿ. ಬಿಸಿಲು ನೋಡು.”

*

ಆ ಪುಸ್ತಕ ಐವಿಯ ಊರಿನ ಚರಿತ್ರೆ. ಹೆಲ್ಮ್‌ಬರಿ, ಇಂಗ್ಲೆಂಡಿನ ಒಂದು ಸಣ್ಣ ಸಂತೆಯೂರು. ಮಂಗಳವಾರ ಹನ್ನೊಂದಕ್ಕೆ ಮೂರು ಸಲ ಗಂಟೆ ಬಾರಿಸುವ ತನಕ ಅಲ್ಲಿ ಯಾರೂ ಒಂದು ಮೊಟ್ಟೆಯನ್ನೂ ಮಾರುವಂತಿರಲಿಲ್ಲ. ಸಂತೆ ನಿಂತುಹೋದ ಮೇಲೆ ಗಂಟೆ ಐವಿಯ ಜೊತೆ ಬಹರೈನಿಗೆ ಬಂದಿತ್ತು. ಅಲ್ಲಿನ ಸೆಗಯಾ ಬಡಾವಣೆಯ ಫ್ಲಾಟಿನಲ್ಲೂ ಪ್ರತಿ ಮಂಗಳವಾರ ಅವರು ಬಾರಿಸುತ್ತಿದ್ದರು. ಅವರ ಕೈ ಏಳದಾದಾಗ ನಬೀಸಾ ಬಾರಿಸಿದಳು.

ಒಮ್ಮೆ ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಐವಿ ತಮ್ಮ ಹರಕು ಹಿಂದಿಯಲ್ಲಿ ಹೇಳಿದ್ದರು: “ಯುದ್ಧದ ಕಾಲದಲ್ಲಿ ಗಂಟೆ ಬಾರಿಸಿದವರು ಅಂತ ಪುಸ್ತಕದಲ್ಲಿ ಅಪ್ಪನ ಹೆಸರಿದೆ. ಸುಳ್ಳು. ಅಪ್ಪ ಯುದ್ಧಕ್ಕೆ ಹೋಗಿದ್ದರು. ಬಾರಿಸಿದ್ದು ಅಮ್ಮ. ನಾನು ಅವಳ ಸೊಂಟದ ಮೇಲಿದ್ದೆ.”

“ಇದನ್ನು ಯಾರಿಗೂ ಹೇಳಿಲ್ವಾ?”

“ಯಾರೂ ಕೇಳಲಿಲ್ಲ.”

*

ಸ್ಮಶಾನದಲ್ಲಿ ಹದಿನೈದು ಮಂದಿ ಇದ್ದರು. ಸಫ್ನಾ ತಡವರಿಸದೆ ಓದಿದಳು. ಯುದ್ಧ, ಗಂಟೆ, ಬಾರಿಸಿದ್ದು ಐವಿಯ ಅಪ್ಪ. ಅಷ್ಟು ಇಂಗ್ಲಿಷ್ ನಬೀಸಾಳಿಗೂ ತಿಳಿಯುತ್ತಿತ್ತು. ತಪ್ಪು ಎನ್ನಲು ಬಾಯಿ ತೆರೆದಳು. ಹೇಳಿದರೆ ನಾಳೆ ಅದನ್ನೂ ಸಫ್ನಾಳೇ ಎಲ್ಲರಿಗೂ ಹೇಳಿಯಾಳು. ಬಾಯಿ ಮುಚ್ಚಿಕೊಂಡಳು.

“ಎಷ್ಟು ಚಂದ ಓದ್ತಾಳೆ ನೋಡು,” ಚಾರ್ಲ್ಸ್ ಪಿಸುಗುಟ್ಟಿದರು. “ಹೊಟ್ಟೆಯಲ್ಲಿ ಹುಟ್ಟಿದ ಮಗಳ ಹಾಗೆ.”

“ಓದಲಿಕ್ಕೆ ಬರ್ತದಲ್ಲ, ಓದ್ತಾಳೆ.”

ಪೆಟ್ಟಿಗೆ ಇಳಿಯಿತು. ಚಾರ್ಲ್ಸರ ಕೈಗಡಿಯಾರದಲ್ಲಿ ಸರಿಯಾಗಿ ಹನ್ನೊಂದು. ಅಂದು ಮಂಗಳವಾರವೂ ಹೌದು. ನಬೀಸಾ ಬಾಟ್ಲಿಗಳನ್ನು ಕೆಳಗಿಟ್ಟು ಬ್ಯಾಗಿನೊಳಗೆ ಕೈ ಹಾಕಿದಳು. ದುಪಟ್ಟಾ ಬಿಡಿಸಿ ಹತ್ತಿ ಕಿತ್ತಳು. ಎದುರಿಗೆ ಸಫ್ನಾ ಪುಸ್ತಕವನ್ನು ಎದೆಗೊತ್ತಿಕೊಂಡು ಅಳುತ್ತಿದ್ದಳು. ಎಲ್ಲರೂ ಅವಳನ್ನೇ ಸಮಾಧಾನ ಮಾಡುತ್ತಿದ್ದರು.

ನಬೀಸಾ ಗಂಟೆಯ ಬಾಯೊಳಗೆ ಬೆರಳು ತೂರಿಸಿ, ಬ್ಯಾಗಿನೊಳಗೇ ಅದನ್ನು ಅಲ್ಲಾಡಿಸಿದಳು. ಗಂಟೆಯ ನಾಲಿಗೆ ಹಿತ್ತಾಳೆಗೆ ತಾಗದೆ, ಅವಳ ಬೆರಳಿಗೆ ಮೂರು ಸಲ ಬಡಿಯಿತು.